ಉಗಿಯಲ್ಲಿ ಬೆಂದ ಮೂವತ್ತೊಂದು ಅಭಿಪ್ರಾಯಗಳು

ಹೇಳಿಕೆ ಕೊಡುವವರ ಹೆಸರು, ತಂದೆಯ ಹೆಸರು: ಮೇಲಿನ ರಟ್ಟಿನ ಹಾಳೆಯಲ್ಲಿ ಬರೆದಂತೆ. ಆಸ್ಪತ್ರೆಯಲ್ಲಿ ಆ ಹೆಸರು ಹಿಡಿದು ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ. ಎಲ್ಲರೂ ಕರೆಯುವುದು ತರಲೆ ಎಂದು. ವಯಸ್ಸು: 24 ವರ್ಷ 3 ತಿಂಗಳು. ವೃತ್ತಿ: ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. ವಾಸ: ಆಸ್ಪತ್ರೆಯ ಹಿಂದಿನ ಗೇಟಿನಿಂದ 640 ಹೆಜ್ಜೆ ದೂರದ ಮನೆಯ ಎರಡನೇ ಮಹಡಿ, ಅಕ್ಕ ಮತ್ತು ಭಾವನ ಜೊತೆ.

ಈ ಹೇಳಿಕೆಯ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಿದ್ದು, ಎರಡು ವರ್ಷ ಐದು ತಿಂಗಳಿಂದ ಆಸ್ಪತ್ರೆಯ ಮೂರನೇ ಮಹಡಿಯ ಆಪರೇಷನ್ ಥಿಯೇಟರ್ (ಓ.ಟಿ.) ವಿಭಾಗದಲ್ಲಿ ಕೆಲಸ ಮಾಡಿಕೊಂಡಿರುತ್ತೇನೆ. ಮೇಜು ಏರಿಸಿ ಇಳಿಸುವುದು, ದೀಪ ತಿರುಗಿಸುವುದು, ಯಂತ್ರ ಜೋಡಿಸುವುದು, ಡಾಕ್ಟರು ಕೇಳುವ ಮೊದಲೇ ಅವರು ಕೇಳಬಹುದಾದದ್ದನ್ನು ಕೈಗೆಟುಕುವಂತೆ ಇಡುವುದು ನನ್ನ ಕೆಲಸ. ಈ ಹೇಳಿಕೆಯನ್ನು ಮೊದಲು ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಬರೆದುಕೊಳ್ಳುತ್ತಿದ್ದರು. ಒಂದೂಕಾಲು ಪುಟ ಆದ ಮೇಲೆ ಅವರು ಬೆರಳುಗಳನ್ನು ಮಡಚಿ ಬಿಚ್ಚಿ, ನಿನ್ನ ಬಾಯಿಗೆ ನನ್ನ ಕೈ ಸಾಲಲ್ಲ ಪುಣ್ಯಾತ್ಮ, ನೀನೇ ಬರಿ, ನಾನು ಓದ್ಕೋತೀನಿ ಎಂದರು. ನಾನು ಜೇಬಿನಿಂದ ನನ್ನ ಪೆನ್ನು ತೆಗೆದೆ. ಅವರು ತಕ್ಷಣ ನನ್ನ ಮುಂಗೈ ಹಿಡಿದು, ಆ ಪೆನ್ನು ಮಾತ್ರ ಬೇಡ ಎಂದು ಹೇಳಿ, ಮೇಜಿನ ಕಾಲಿಗೆ ದಾರದಿಂದ ಕಟ್ಟಿರುವ ಠಾಣೆಯ ಪೆನ್ನನ್ನು ಕೊಟ್ಟಿರುತ್ತಾರೆ. ಕಾರಣ ಮುಂದೆ ಬರುತ್ತದೆ.

ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರು 11ನೇ ತಾರೀಕು ಶನಿವಾರ ತಮ್ಮಲ್ಲಿ ಒಂದು ದೂರು ಕೊಟ್ಟಿರುತ್ತಾರೆ. ನಮ್ಮ ವಿಭಾಗದ 31 ಜನ ಗುಟ್ಟಾಗಿ ಭರ್ತಿ ಮಾಡಿದ 31 ನಮೂನೆಗಳನ್ನು ಯಾರೋ ಕದ್ದು, ಆ ಜಾಗದಲ್ಲಿ 31 ಖಾಲಿ ನಮೂನೆಗಳನ್ನು ಇಟ್ಟಿದ್ದಾರೆ, ಬಟ್ಟೆ, ಉಪಕರಣಗಳನ್ನು ಉಗಿಯಲ್ಲಿ ಶುದ್ಧಮಾಡುವ ಉಗಿಕೋಣೆಯ ಅಟೆಂಡರ್ ಮೇಲೆ ಅನುಮಾನವಿದೆ ಎಂಬುದು ಅದರ ಸಾರ. ಆ ಅಟೆಂಡರ್ 29 ವರ್ಷದಿಂದ ಅದೇ ಕೋಣೆಯಲ್ಲಿ ಇದ್ದಾರೆ. ನಿವೃತ್ತಿಗೆ ಏಳು ತಿಂಗಳು ಬಾಕಿ. ಅವರು ನನಗೆ ಸಂಬಂಧಿಯಲ್ಲ. ಆದರೂ ಇಡೀ ವಿಭಾಗಕ್ಕೆ ಅವರು ಉಗಿ ಮಾವ. 13ನೇ ತಾರೀಕಿನಿಂದ ಅವರನ್ನು ಗೇಟಿನೊಳಗೆ ಬಿಡುತ್ತಿಲ್ಲ.

ಉಗಿ ಮಾವ ಏನನ್ನೂ ಕದ್ದಿಲ್ಲ. ಯಾರೂ ಕದ್ದಿಲ್ಲ. ಆ 31 ನಮೂನೆಗಳೇ ಈ 31 ನಮೂನೆಗಳು. ಇದು ನನಗೆ ಗೊತ್ತಿರುವುದು, ತಪ್ಪು ನನ್ನದಾದ್ದರಿಂದ. ತಪ್ಪು ಎರಡು ಕಂತಿನಲ್ಲಿ ನಡೆದಿದೆ, ಕ್ರಮವಾಗಿ ಹೇಳುತ್ತೇನೆ.

6ನೇ ತಾರೀಕು ಸೋಮವಾರ ಬೆಳಗ್ಗೆ 7 ಗಂಟೆ 40 ನಿಮಿಷಕ್ಕೆ ಸುಮಾರು 45 ವರ್ಷದ, ಬೂದು ಬಣ್ಣದ ಚೀಲ ಹೊತ್ತ ಒಬ್ಬ ಮೇಡಂ ನಮ್ಮ ವಿಭಾಗಕ್ಕೆ ಬಂದರು. ಬಟ್ಟೆ ಬದಲಿಸುವ ಕೋಣೆಗೂ ಒಂದನೇ ಥಿಯೇಟರಿಗೂ ನಡುವೆ ಇರುವ ಓಣಿಯಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ, ತಾವು ಇಲ್ಲಿ ರೋಗಿಗಳ ಸುರಕ್ಷತೆಯ ಸಂಸ್ಕೃತಿಯನ್ನು ಅಳೆಯಲು ಬಂದಿರುವುದಾಗಿ ತಿಳಿಸಿದರು. ಅರಿವಳಿಕೆ ಡಾಕ್ಟರು ಗಡಿಯಾರ ನೋಡಿದರು. ಆಗ ಹಿಂದಿನ ಸಾಲಿನಿಂದ ಉಗಿ ಮಾವ ಕೈ ಎತ್ತಿ, ಅದನ್ನ ಯಾತರಲ್ಲಿ ಅಳೀತೀರಮ್ಮ, ಮೀಟರಲ್ಲೋ ಲೀಟರಲ್ಲೋ ಎಂದು ಕೇಳಿದರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಒಳ್ಳೆ ಪ್ರಶ್ನೆ ಕೇಳಿದ್ರಿ, ನನಗೂ ಹದಿನಾಲ್ಕು ವರ್ಷದಿಂದ ಅದೇ ಅನುಮಾನ ಎಂದರು. ಅಂದಿನಿಂದ ಅವರಿಗೆ ಅಳತೆ ಮೇಡಂ ಎಂದು ಹೆಸರಾಯಿತು. ಹೆಸರಿಟ್ಟವನು ನಾನು.

ಅಳತೆ ಹೀಗೆ. ಒಂದು ನಮೂನೆ, ಅದರಲ್ಲಿ 42 ಪ್ರಶ್ನೆ. ಏನೋ ಸರಿಯಿಲ್ಲ ಅನಿಸಿದರೆ ನೀವು ಬಾಯಿ ಬಿಟ್ಟು ಹೇಳುತ್ತೀರಾ, ದೊಡ್ಡ ಡಾಕ್ಟರಿಗೂ ಹೇಳುತ್ತೀರಾ, ರಕ್ತ ಒರೆಸುವ ಗಾಜ್ ಬಟ್ಟೆಗಳ ಲೆಕ್ಕ ತಪ್ಪಿದರೆ ಹೊಲಿಗೆ ನಿಲ್ಲುತ್ತದಾ, ಇಂಥವು. ಪ್ರತಿಯೊಂದಕ್ಕೂ ‘ಯಾವಾಗಲೂ’ ಎಂಬಲ್ಲಿಂದ ‘ಎಂದೂ ಇಲ್ಲ’ ಎಂಬಲ್ಲಿವರೆಗೆ ಐದು ಚೌಕ, ಒಂದಕ್ಕೆ ಗುರುತು ಹಾಕಬೇಕು. ಕೊನೆಗೆ ಆರು ಗೆರೆಯ ಖಾಲಿ ಜಾಗ: ಇಲ್ಲಿ ನೀವು ಕಂಡ ಒಂದು ತಪ್ಪನ್ನು ಬರೆಯಿರಿ. ಹೆಸರು ಬರೆಯುವಂತಿಲ್ಲ. ಬರೆದವರು ಯಾರೆಂದು ಶಾಯಿಯಿಂದಲೂ ಗೊತ್ತಾಗಬಾರದು, ಆದ್ದರಿಂದ ಎಲ್ಲರೂ ಒಂದೇ ಬಗೆಯ ನೀಲಿ ಪೆನ್ನಿನಲ್ಲೇ ಬರೆಯಬೇಕು ಎಂದು ಮೇಡಂ ಹೇಳಿದರು.

ಅವರು ನಮೂನೆ ಹಾಕಲು ರಟ್ಟಿನ ಪೆಟ್ಟಿಗೆ ತಂದಿದ್ದರು. ಇನ್‌ಚಾರ್ಜ್ ಸಿಸ್ಟರ್ ಅದನ್ನು ನೋಡಿದ ತಕ್ಷಣ, ರಟ್ಟು ಒಳಗೆ ಬರೋ ಹಾಗಿಲ್ಲ ಮೇಡಂ, ಧೂಳು, ಬೂಷ್ಟು, ಆಮೇಲೆ ಸುರಕ್ಷತೆ ಎಲ್ಲಿಂದ ಬರುತ್ತೆ ಎಂದರು. ನಮ್ಮಲ್ಲಿ ಅದು ನಿಜವಾಗಿಯೂ ನಿಯಮ. ಅದರ ಬದಲಿಗೆ ಸ್ಟೋರಿನಿಂದ ಒಂದು ಹಳೆಯ ಸ್ಟೀಲ್ ಡ್ರಮ್ ತರಿಸಿದರು. ಇಂಥ ಡ್ರಮ್‌ಗಳಲ್ಲಿ ನಾವು ಗಾಜ್, ಗೌನು ತುಂಬಿ ಉಗಿಗೆ ಕಳಿಸುತ್ತೇವೆ. ಇದು ಒಂಬತ್ತನೇ ನಂಬರಿನದು. ಪಕ್ಕದ ಕಿಂಡಿಗಳು ಮುಚ್ಚದೆ ಕೆಟ್ಟು ನಿಂತಿದ್ದರಿಂದ ಎರಡು ವರ್ಷದಿಂದ ಮೂಲೆಯಲ್ಲಿತ್ತು. ‘ನಿಮ್ಮ ಅಭಿಪ್ರಾಯ ಇಲ್ಲಿ ಹಾಕಿ’ ಎಂಬ ಚೀಟಿಯನ್ನು ಡ್ರಮ್‌ಗೆ ಅಂಟಿಸಲಿಲ್ಲ, ಮೇಲಿನ ಗೋಡೆಗೆ ಅಂಟಿಸಿದರು. ಇದನ್ನು ಗಮನದಲ್ಲಿಡಬೇಕಾಗಿ ವಿನಂತಿ.

ಒಂದೇ ಬಗೆಯ ನಾಲ್ಕು ನೀಲಿ ಪೆನ್ನು ಯಾರ ಹತ್ತಿರ ಇದೆ ಎಂದು ಸಿಸ್ಟರ್ ಕೇಳಿದರು. ಓ.ಟಿ.ಯಲ್ಲಿ ಪೆನ್ನು ಎಂಬುದು ಅರ್ಧ ಗಂಟೆಗಿಂತ ಹೆಚ್ಚು ಒಬ್ಬರ ಬಳಿ ನಿಲ್ಲುವ ವಸ್ತುವಲ್ಲ. ನಾನು ಮುಂದೆ ಬಂದು, ನನ್ನ ಹತ್ತಿರ ಇವೆ ಸಿಸ್ಟರ್, ದಾನ ಮಾಡ್ತೀನಿ ಎಂದೆ. ಸಿಸ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀನು ದಾನ ಮಾಡ್ತೀಯ ಅಂದ್ರೆ ನನಗೆ ಭಯ ಆಗುತ್ತೆ ಕಣೋ ಎಂದರು. ಅವರ ಭಯಕ್ಕೆ ಆಧಾರವಿತ್ತು.

ಇದು ತಪ್ಪಿನ ಮೊದಲನೇ ಕಂತು. ಆ ಪೆನ್ನುಗಳು ಅಳಿಸಬಹುದಾದ ಪೆನ್ನುಗಳು. ಹಿಂಬದಿಯ ರಬ್ಬರಿನಿಂದ ಉಜ್ಜಿದರೆ ಆ ಬಿಸಿಗೇ ಅಕ್ಷರ ಮಾಯವಾಗುತ್ತದೆ. ಶಾಲೆಯ ಪಕ್ಕದ ಅಂಗಡಿಯಲ್ಲಿ ಸಿಗುತ್ತವೆ, ಅಕ್ಕನ ಮಗಳು ಲೆಕ್ಕ ಮಾಡಲು ಬಳಸುತ್ತಾಳೆ. ಇದಕ್ಕೆ ಮೊದಲು ಇದೇ ಪೆನ್ನಿನಿಂದ ನಾನು ಡ್ಯೂಟಿ ಪಟ್ಟಿಯಲ್ಲಿ ಮೂಳೆ ಡಾಕ್ಟರಿಗೆ ಸತತ ನಾಲ್ಕು ಭಾನುವಾರದ ಡ್ಯೂಟಿ ಬರೆದು, ಅವರು ಕೂಗಾಡುತ್ತಾ ಸಿಸ್ಟರನ್ನು ಕರೆತರುವಷ್ಟರಲ್ಲಿ ಅದನ್ನು ಅಳಿಸಿ ಇಟ್ಟಿದ್ದುಂಟು. ಈ ಬಾರಿಯ ಉದ್ದೇಶ ಇಷ್ಟೇ: ಶನಿವಾರ ಮೇಡಂ ಎದುರಿಗೆ ಒಂದು ಹಾಳೆಯ ಮೇಲೆ ನಾಲ್ಕು ಅಕ್ಷರ ಬರೆದು, ಬಿಸಿ ಟೀ ಲೋಟ ಇಟ್ಟು ಎತ್ತಿ, ಅವರ ಮುಖ ನೋಡುವುದು. ಅದಕ್ಕಿಂತ ಆಳವಾದ ಉದ್ದೇಶ ಇರಲಿಲ್ಲ. ನನ್ನ ಯಾವ ಕೆಲಸದಲ್ಲೂ ಇರುವುದಿಲ್ಲ ಎಂದು ಭಾವ ಪ್ರಮಾಣ ಮಾಡಿ ಹೇಳಬಲ್ಲರು.

ನಾಲ್ಕೂ ಪೆನ್ನುಗಳನ್ನು ಗಾಜ್ ಪಟ್ಟಿಯಿಂದ ಡ್ರಮ್ಮಿನ ಪಕ್ಕದ ಕೊಳವೆಗೆ ಕಟ್ಟಿದೆ. ಸೋಮವಾರದಿಂದ ಶುಕ್ರವಾರದವರೆಗೆ 31 ಜನರೂ ಅಲ್ಲೇ ನಿಂತು ಬರೆದರು. ಮೊದಲ ದಿನ ಎಲ್ಲರೂ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದರು. ಸಿಸ್ಟರ್ ಟೀ ಹೊತ್ತಿನಲ್ಲಿ, ಮನೆ ಮಾತು ಮನೇಲೇ ಇರಲಿ, ಎಲ್ಲಾ ಒಳ್ಳೇದೇ ಬರೀರಪ್ಪ ಎಂದಿದ್ದರು. ಬುಧವಾರದ ನಂತರ ಜನ ಹೆಚ್ಚು ಹೊತ್ತು ನಿಲ್ಲತೊಡಗಿದರು. ಒಬ್ಬ ನರ್ಸ್ ಅಕ್ಕ 19 ನಿಮಿಷ ಬರೆದು, ಮಡಚಿ, ಬಿಚ್ಚಿ ಮತ್ತೆರಡು ಸಾಲು ಸೇರಿಸಿ, ಕಣ್ಣೊರೆಸಿಕೊಂಡು ಒಳಗೆ ಹೋದರು. ಅವರೇನು ಬರೆದರೆಂದು ನನಗೆ ಗೊತ್ತಿಲ್ಲ. ತಿಳಿಯಬೇಕೆಂಬ ಕುತೂಹಲ ಇತ್ತು, ಡ್ರಮ್ಮಿಗೆ ಬೀಗ ಇರಲಿಲ್ಲ, ಓಣಿಯಲ್ಲಿ ಯಾರೂ ಇರಲಿಲ್ಲ. ಆದರೂ ತೆಗೆದು ನೋಡಲಿಲ್ಲ. ಇದನ್ನು ನನ್ನ ಪರವಾಗಿ ಗಮನಿಸಬೇಕು, ಪರವಾಗಿ ಬೇರೆ ಹೆಚ್ಚೇನೂ ಇಲ್ಲ.

10ನೇ ತಾರೀಕು ಶುಕ್ರವಾರ ಸಂಜೆ 5 ಗಂಟೆಗೆ ಮೇಡಂ ನಮೂನೆಗಳನ್ನು ಬರೆದ ಬದಿ ಕಾಣದಂತೆ ಕವುಚಿಯೇ ಎಣಿಸಿದರು, 31. ಮುಚ್ಚಳ ಹಾಕಿ, ಅದರ ಮೇಲೆ ಸಿಸ್ಟರ್ ಕೊಟ್ಟ ಟೇಪು ಅಂಟಿಸಿ, ತಮ್ಮ ಚೀಲದ ಪೆನ್ನಿನಿಂದ ಸಹಿ ಹಾಕಿದರು. ನಮ್ಮಲ್ಲಿರುವುದು ಒಂದೇ ಬಗೆಯ ಟೇಪು. ತಿಳಿ ಹಳದಿ ಬಣ್ಣ, ಮೇಲೆ ಕಂಡೂ ಕಾಣದ ಓರೆ ಗೆರೆಗಳು. ಉಗಿ ತಾಗಿದರೆ ಆ ಗೆರೆಗಳು ಕಪ್ಪಾಗುತ್ತವೆ. ಗೆರೆ ಮಸುಕಾಗಿದ್ದರೆ ಡ್ರಮ್ ಉಗಿಗೆ ಹೋಗಬೇಕು, ಕಪ್ಪಾಗಿದ್ದರೆ ಶುದ್ಧವಾಗಿ ಬಂದಿದೆ ಎಂದು ಅರ್ಥ. ಓ.ಟಿ.ಯವರಿಗೆ ಕಪ್ಪು ಗೆರೆ ಕಂಡರೆ ಅಮ್ಮನ ಮುಖ ಕಂಡಷ್ಟು ಸಮಾಧಾನ.

ಮೇಡಂ ಹೋದ ಮೇಲೆ ಸಿಸ್ಟರ್ ಚೀಲ ಹೆಗಲಿಗೇರಿಸಿಕೊಂಡು, ಇದನ್ನ ನನ್ನ ರೂಮಲ್ಲಿಟ್ಟು ಬೀಗ ಹಾಕ್ಕೋ ಎಂದು ನನಗೆ ಹೇಳಿ ಹೊರಟರು. ಬೀಗದ ಕೈ ಅವರ ಚೀಲದಲ್ಲೇ ಹೊರಟುಹೋಯಿತು. ನಾನು ಡ್ರಮ್ ಹಿಡಿದು ಬಾಗಿಲ ಮುಂದೆ ನಿಂತಿದ್ದೆ. ಸಮಯ 5 ಗಂಟೆ 22 ನಿಮಿಷ. ಎರಡನೇ ಥಿಯೇಟರಿನಿಂದ, ತರಲೆ ಎಲ್ಲೋ, ಪೇಷೆಂಟ್ ಶಿಫ್ಟ್ ಮಾಡ್ಬೇಕು ಬಾರೋ ಎಂದು ಕೂಗಿದರು. ನಾನು ಡ್ರಮ್ಮನ್ನು ಎರಡು ನಿಮಿಷಕ್ಕೆಂದು ನಾಲ್ಕು ಹೆಜ್ಜೆ ಆಚೆ ಇದ್ದ ಟ್ರಾಲಿಯ ಮೇಲೆ ಇಟ್ಟೆ. ಇದು ಎರಡನೇ ಕಂತು. ಆ ಟ್ರಾಲಿ ಉಗಿಕೋಣೆಯ ಬಾಗಿಲಿನದು. ಅದರ ಮೇಲೆ ಮಸುಕು ಗೆರೆಯ ಟೇಪಿರುವ ಡ್ರಮ್ ಇದ್ದರೆ ಒಳಗೆ ಹಾಕಬೇಕು, ಕೇಳುವಂತಿಲ್ಲ, ತೆರೆದು ನೋಡುವಂತಿಲ್ಲ. ರೋಗಿಯನ್ನು ಸಾಗಿಸಿ ನಾನು ನೇರ ಮನೆಗೆ ಹೋದೆ. ಡ್ರಮ್ ನೆನಪಾಗಲಿಲ್ಲ.

11ನೇ ತಾರೀಕು ಶನಿವಾರ ಬೆಳಗ್ಗೆ 7 ಗಂಟೆ 50 ನಿಮಿಷಕ್ಕೆ ನೆನಪಾಯಿತು. ಓಡಿದೆ. ಟ್ರಾಲಿ ಖಾಲಿ. ಶುದ್ಧ ಡ್ರಮ್‌ಗಳ ಕಪಾಟಿನಲ್ಲಿ, ಎಂಟರ ಪಕ್ಕದಲ್ಲಿ, ಒಂಬತ್ತು ಅಚ್ಚುಕಟ್ಟಾಗಿ ಕೂತಿತ್ತು. ಸಹಿ ಇತ್ತು, ಟೇಪು ಹರಿದಿರಲಿಲ್ಲ, ಗೆರೆಗಳು ಕಪ್ಪಗೆ ಹೊಳೆಯುತ್ತಿದ್ದವು. ಅಬ್ಬಾ, ಎಲ್ಲ ಸರಿಯಾಗಿದೆ ಎಂದು ನಾನು ಎತ್ತಿಕೊಂಡು ಬಂದು ಸಿಸ್ಟರ್ ಮೇಜಿನ ಮೇಲೆ ಇಟ್ಟೆ.

8 ಗಂಟೆ 40 ನಿಮಿಷಕ್ಕೆ ಸೂಪರಿಂಟೆಂಡೆಂಟ್ ಸಾಹೇಬರು, ಸಿಸ್ಟರ್, ಅರಿವಳಿಕೆ ಡಾಕ್ಟರು, ಉಗಿ ಮಾವ ಮತ್ತು ನನ್ನ ಸಮಕ್ಷಮ ಮೇಡಂ ಟೇಪು ಕತ್ತರಿಸಿ ಮೇಜಿನ ಅಂಚಿಗೆ ಅಂಟಿಸಿದರು. ಆರು ಜೋಡಿ ಕಣ್ಣುಗಳು ಆ ಕಪ್ಪು ಗೆರೆಗಳನ್ನು ನೋಡಿದವು. ಐದು ಜೋಡಿ ದಿನಾ ನೋಡುವ ಕಣ್ಣುಗಳಾದ್ದರಿಂದ ಏನೂ ಕಾಣಲಿಲ್ಲ. ಆರನೆಯ ಜೋಡಿಗೆ ಅದರ ಅರ್ಥ ಗೊತ್ತಿರಲಿಲ್ಲ. ಮುಚ್ಚಳ ತೆಗೆದರೆ 31 ನಮೂನೆ ಇದ್ದವು. ಅಚ್ಚಾದ ಪ್ರಶ್ನೆಗಳು ಇದ್ದವು. ಉತ್ತರ ಮಾತ್ರ ಒಂದೂ ಇರಲಿಲ್ಲ. ಹಾಳೆಗಳು ಒದ್ದೆಯಾಗಿ ಒಣಗಿದಂತೆ ಸ್ವಲ್ಪ ಅಲೆಅಲೆಯಾಗಿದ್ದವು.

ಮುಂದಿನ 26 ನಿಮಿಷ ಆ ಕೋಣೆಯಲ್ಲಿ ನಡೆದದ್ದನ್ನು ನಾನು ಎಣಿಸಿದ್ದೇನೆ. ಓ.ಟಿ.ಯಲ್ಲಿ ಹೊಲಿಗೆಗೆ ಮೊದಲು ಗಾಜ್ ಎಣಿಸುವ ಅಭ್ಯಾಸದಿಂದ ಗಾಬರಿಯಾದರೆ ನನ್ನ ಬಾಯಿ ತಾನಾಗಿ ಎಣಿಸುತ್ತದೆ. ‘ಯಾರು’ ಎಂಬ ಪ್ರಶ್ನೆ 14 ಬಾರಿ ಕೇಳಿಬಂತು. ಯಾರು ಮುಟ್ಟಿದ್ದು, ಯಾರ ಹತ್ರ ಬೀಗದ ಕೈ, ಸಂಜೆ ಯಾರಿದ್ದರು. ‘ಹೇಗೆ’ ಎಂಬ ಪ್ರಶ್ನೆ ಒಂದು ಬಾರಿ. ಅದನ್ನು ಕೇಳಿದವರು ಉಗಿ ಮಾವ. ಸಹಿ ಹಾಗೇ ಇದೆಯಲ್ಲ, ಅಕ್ಷರ ಹೇಗೆ ಹೋಯ್ತು ಎಂದು ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಕೇಳಿದರು. ಸೂಪರಿಂಟೆಂಡೆಂಟ್ ಸಾಹೇಬರು ಅವರ ಕಡೆ ತಿರುಗಿ, ನಿನ್ನೆ ಎಂಟು ಗಂಟೆವರೆಗೂ ಇಲ್ಲಿದ್ದಿದ್ದು ನೀವೊಬ್ಬರೇ ತಾನೇ, ಡ್ರಮ್ಮಿನ ಮುಚ್ಚಳ ತೆಗೆದ್ರಾ ಎಂದರು. ಮಾವ ಇಲ್ಲ ಎಂದರು. ಅದು ನಿಜ. ಉಗಿಗೆ ಹಾಕಿದ್ರಾ ಎಂದು ಯಾರೂ ಕೇಳಲಿಲ್ಲ.

ಆಗ ನನಗೆ ಟ್ರಾಲಿ ನೆನಪಾಯಿತು, ಪೆನ್ನು ನೆನಪಾಯಿತು. ಖಚಿತವಾಗಿ ಗೊತ್ತಿಲ್ಲದೆ ಮಾತಾಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲು ಗೊತ್ತಾಗಲಿ, ಆಮೇಲೆ ಹೇಳೋಣ ಎಂಬುದು ಆ ಹೊತ್ತಿಗೆ ಬಹಳ ವೈಜ್ಞಾನಿಕವಾಗಿ ಕಂಡಿತು.

13ನೇ ತಾರೀಕು ಸೋಮವಾರ ಬೆಳಗ್ಗೆ 7 ಗಂಟೆ 20 ನಿಮಿಷಕ್ಕೆ ಉಗಿ ಮಾವನನ್ನು ಗೇಟಿನಲ್ಲಿ ತಡೆದರು. ಅವರು ಊಟದ ಡಬ್ಬಿಯ ಚೀಲ ಹಿಡಿದು, ಕಾವಲುಗಾರನಿಗೆ, ಒಂದನೇ ಯಂತ್ರದ ಬಾಗಿಲು ಸ್ವಲ್ಪ ಎತ್ತಿ ಹಾಕ್ಬೇಕು, ಇಲ್ದಿದ್ರೆ ಉಗಿ ಸೋರುತ್ತೆ, ಅಷ್ಟು ಹೇಳಿಬಿಡಪ್ಪ ಎಂದು ಹೇಳಿ ವಾಪಸ್ ನಡೆದರು. ನಾನು 12 ಅಡಿ ದೂರದಲ್ಲಿದ್ದೆ. ಅವರು ನನ್ನನ್ನು ನೋಡಲಿಲ್ಲ. ನೋಡದ ಹಾಗೆ ನಾನು ನಿಂತಿದ್ದೆ.

ಅದೇ ದಿನ ಮಧ್ಯಾಹ್ನ 3 ಗಂಟೆಗೆ ಸಿಸ್ಟರ್ ಮೇಜಿನ ಅಂಚಿನ ಟೇಪನ್ನು ಹತ್ತಿರದಿಂದ ನೋಡಿದೆ. ಸಹಿಯ ಅಡಿಯಲ್ಲಿ ಕಪ್ಪು ಗೆರೆ. ಉಗಿಕೋಣೆಗೆ ಹೋಗಿ ದಾಖಲೆ ಪುಸ್ತಕ ತೆಗೆದೆ. ಶುಕ್ರವಾರದ ನಾಲ್ಕನೇ ಸುತ್ತು, ಸಂಜೆ 6 ಗಂಟೆ 10 ನಿಮಿಷ, 121 ಡಿಗ್ರಿ, 30 ನಿಮಿಷ, ಡ್ರಮ್ ನಂಬರ್ 3, 8, 9. ಉಗಿ ಮಾವನ ದುಂಡು ಅಕ್ಷರ, ಕೆಳಗೆ ಸಹಿ. ಕಳ್ಳತನದ ಆರೋಪಿಯೇ ಮೂರು ದಿನದ ಮೊದಲು ಎಲ್ಲವನ್ನೂ ಬರೆದು ಸಹಿ ಹಾಕಿ ಇಟ್ಟಿದ್ದರು. ಪುಸ್ತಕವನ್ನು ಯಾರೂ ತೆಗೆದಿರಲಿಲ್ಲ.

14ನೇ ತಾರೀಕು ಮಂಗಳವಾರ ಬೆಳಗ್ಗೆ 7 ಗಂಟೆ 5 ನಿಮಿಷಕ್ಕೆ, ದಿನದ ಮೊದಲ ಖಾಲಿ ಸುತ್ತಿನಲ್ಲಿ, ಒಂದು ಹಾಳೆಯ ಮೇಲೆ ಅದೇ ಪೆನ್ನಿನಿಂದ ‘ಇದನ್ನು ಓದಿದವನು ಕತ್ತೆ’ ಎಂದು ಬರೆದು ಯಂತ್ರದೊಳಗೆ ಇಟ್ಟೆ. ಹೊರಬಂದಾಗ ಹಾಳೆ ಬೆಳ್ಳಗಿತ್ತು. ಪೆನ್ನಿನ ಪೊಟ್ಟಣದ ಹಿಂದೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಬಿಸಿಗೆ ಮಾಯವಾದ ಬರಹ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇಟ್ಟರೆ ಮರಳಬಹುದು ಎಂದು ಬರೆದಿತ್ತು. ರಕ್ತನಿಧಿಯ ಫ್ರೀಜರ್ ಕೇಳಲು ಹೋದೆ. ಅಲ್ಲಿನ ಅಕ್ಕ, ಇದರೊಳಗೆ ರಕ್ತದ ಚೀಲ ಬಿಟ್ಟು ಇನ್ನೇನಾದ್ರೂ ಇಟ್ಟರೆ ನಿನ್ನದನ್ನೇ ತೆಗೆದು ಇಡ್ತೀನಿ ನೋಡು ಎಂದರು. ರೋಗಿಗಳ ಸುರಕ್ಷತೆಯ ಸಂಸ್ಕೃತಿ ಅಲ್ಲಿ ಉತ್ತಮವಾಗಿದೆ ಎಂದು ದಾಖಲಿಸುತ್ತೇನೆ. ಕೊನೆಗೆ ಮೊಣಕಾಲು ನೋವಿಗೆ ಐಸ್ ಚೀಲ ಇಡುವ ಫಿಸಿಯೋಥೆರಪಿ ಕೋಣೆಯ ಫ್ರೀಜರಿನಲ್ಲಿ ಜಾಗ ಸಿಕ್ಕಿತು. 47 ನಿಮಿಷದ ನಂತರ ಹಾಳೆ ತೆಗೆದೆ. ಅಕ್ಷರಗಳು ಹಿಂದಿರುಗಿದ್ದವು. ಓದಿದೆ. ಓದಿದವನು ನಾನೊಬ್ಬನೇ ಆಗಿದ್ದೆ.

ಅಂದು ಸಂಜೆ 6 ಗಂಟೆ 30 ನಿಮಿಷಕ್ಕೆ ಉಗಿ ಮಾವನ ಮನೆಗೆ ಹೋದೆ. ಅವರು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪ್ರೆಷರ್ ಕುಕ್ಕರಿನ ರಬ್ಬರನ್ನು ತಿಕ್ಕುತ್ತಿದ್ದರು. ನಾನು ನಿಂತುಕೊಂಡೇ ಪೆನ್ನಿನಿಂದ ಫ್ರೀಜರಿನವರೆಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ರಬ್ಬರ್ ಕೆಳಗಿಟ್ಟು, ನಿಜವಾಗ್ಲೂ ವಾಪಸ್ ಬಂತೇನೋ, ಪೂರ್ತಿ ಬಂತಾ, ಸ್ವಲ್ಪ ಮಸುಕಾಗಿ ಬಂತಾ ಎಂದು ಕೇಳಿದರು. ಸ್ವಲ್ಪ ಮಸುಕು ಎಂದೆ. ಹಂಗೇ ಇರ್ಬೇಕು, ನೂರಾ ಇಪ್ಪತ್ತೊಂದು ಡಿಗ್ರಿ ಅಂದ್ರೆ ಆಟಾನಾ ಎಂದು ತಲೆದೂಗಿದರು. ಆಮೇಲೆ ರಬ್ಬರನ್ನು ಮತ್ತೆ ಕೈಗೆತ್ತಿಕೊಂಡು, ನಾನು ನೋಡೋದು ಟೇಪು ಕಣೋ, ಡ್ರಮ್ ಅಲ್ಲ, ಒಂಬತ್ತು ಅಂತ ಬರೆಯೋವಾಗಲಾದ್ರೂ ಇದು ಮೂಲೆಗೆ ಹಾಕಿದ್ದಲ್ವಾ ಅಂತ ಹೊಳೀಬೇಕಿತ್ತು, ಅರ್ಧ ತಪ್ಪು ನನ್ನದೇ ಎಂದರು.

ಅವರ ಹೆಂಡತಿ, ನಾನು ಅತ್ತೆ ಎನ್ನುವವರು, ಒಳಗಿನಿಂದ ಬಂದರು. ತಪ್ಪು ಅರ್ಧರ್ಧ ಹಂಚ್ಕೊಳ್ಳೋಕೆ ಇದೇನು ಹಣ್ಣಾ ಎಂದು ಮಾವನಿಗೆ ಗದರಿದರು. ನನ್ನ ಕಡೆ ತಿರುಗಿ, ಇವರು ಶನಿವಾರದಿಂದ ಸರಿಯಾಗಿ ಊಟ ಮಾಡಿಲ್ಲ, ಎದುರು ಮನೆಯವರು ಬಾಗಿಲು ತೆಗೆದಾಗೆಲ್ಲ ಇವರು ಒಳಗೆ ಬರ್ತಾರೆ, ನಾಲ್ಕು ದಿನದಿಂದ ನೀನೇನಪ್ಪ ಮಾಡ್ತಿದ್ದೆ ಎಂದು ಕೇಳಿದರು. ಪ್ರಯೋಗ ಮಾಡ್ತಿದ್ದೆ ಅತ್ತೆ ಎಂದೆ. ಈ ಉತ್ತರ ನಿಜ, ಆದರೆ ಪೂರ್ತಿ ನಿಜವಲ್ಲ. ಪ್ರಯೋಗಕ್ಕೆ ಒಂದು ಬೆಳಗ್ಗೆ ಸಾಕಾಗಿತ್ತು. ಉಳಿದ ಮೂರು ದಿನ ಹೆದರಿಕೊಂಡಿದ್ದೆ.

15ನೇ ತಾರೀಕು ಬುಧವಾರ ಬೆಳಗ್ಗೆ 8 ಗಂಟೆಗೆ ಇನ್‌ಚಾರ್ಜ್ ಸಿಸ್ಟರ್ ಬಳಿ ಹೇಳಿದೆ. ಅವರು ಬಾಗಿಲು ಮುಚ್ಚಿ, ಕುರ್ಚಿಯಲ್ಲಿ ಕೂತು, ಹಣೆ ಹಿಡಿದುಕೊಂಡರು. ಅವರು ಕೆಟ್ಟವರಲ್ಲ ಎಂದು ಇಲ್ಲಿ ಸೇರಿಸುತ್ತೇನೆ. ನನ್ನನ್ನು ಎರಡು ಬಾರಿ ಕೆಲಸದಿಂದ ಉಳಿಸಿದವರು. ಅವರು ಹೇಳಿದ್ದು, ಅಕ್ಷರ ಹೋಗಿದೆ, ಹೋಗಲಿ ಬಿಡೋ, ಮೇಡಂ ಇನ್ನೊಂದ್ಸಲ ನಮೂನೆ ಕೊಡ್ತಾರೆ, ಮಾವನ್ನ ಲಾಂಡ್ರಿಗೆ ಹಾಕಿಸ್ತೀನಿ, ಏಳು ತಿಂಗಳು ಹೇಗೋ ಕಳೆಯುತ್ತೆ. ಕಳ್ಳ ಅನ್ನೋ ಹೆಸರು ಸಿಸ್ಟರ್ ಎಂದು ಕೇಳಿದೆ. ಅವರು ಎದ್ದು ಬಾಗಿಲು ಮುಚ್ಚಿದೆಯೇ ಎಂದು ಮತ್ತೊಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, ಪೊಲೀಸರ ಹತ್ರ ಇರೋ ಆ ಹಾಳೆಗಳು ಫ್ರೀಜರಿಗೆ ಹೋದ್ರೆ ಸಾಹೇಬರ ಕೈಗೆ ಬರುತ್ತೆ, ಹೆಸರಿಲ್ಲ ಅಂತ ಹುಡುಗೀರು ಧೈರ್ಯವಾಗಿ ಬರೆದುಬಿಟ್ಟಿದ್ದಾರೆ, ಅಕ್ಷರ ನೋಡಿದ್ರೆ ಯಾರದ್ದು ಅಂತ ಗೊತ್ತಾಗಲ್ವಾ, ನಾನೂ ಬರೆದಿದ್ದೀನಿ ಕಣೋ ಎಂದರು. ಮನೆ ಮಾತು ಮನೇಲೇ ಇರಲಿ ಎಂದಿದ್ದವರು ಅವರೇ. ನನಗೆ 19 ನಿಮಿಷ ಬರೆದ ಅಕ್ಕ ನೆನಪಾದರು.

ಹಾಗಾಗಿ ನಾನು ಇಂದು 16ನೇ ತಾರೀಕು ಗುರುವಾರ ಬೆಳಗ್ಗೆ 10 ಗಂಟೆ 5 ನಿಮಿಷಕ್ಕೆ ಠಾಣೆಗೆ ಬಂದು, ಮಾವನ ಮೇಲಿನ ಆರೋಪ ಸುಳ್ಳು, ಅದನ್ನು ಸಾಬೀತು ಮಾಡಲು ನನ್ನ ಒಂದು ಹಾಳೆ ಸಾಕು, ಉಳಿದ 30 ಹಾಳೆಗಳನ್ನು ಅಳತೆ ಮೇಡಂ ಬಿಟ್ಟು ಯಾರೂ ತಣ್ಣಗೆ ಮಾಡಬಾರದು ಎಂದು ಕೇಳಿಕೊಂಡೆ. ಇನ್‌ಸ್ಪೆಕ್ಟರ್ ಸಾಹೇಬರು, ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ತಣ್ಣಗೆ ಮಾಡಬೇಡಿ ಅಂತ ಅರ್ಜಿ ಹಿಡ್ಕೊಂಡು ಬಂದವನು ನೀನೇ ಮೊದಲು ಎಂದರು. ಫೋನ್ ಮಾಡಿ ಮೇಡಂ ಅವರನ್ನು ಕರೆಸಿದರು. ಮಾವನನ್ನೂ ಕರೆಸಿದರು, ಅತ್ತೆ ಕರೆಸದೆಯೇ ಬಂದರು.

11 ಗಂಟೆ 20 ನಿಮಿಷಕ್ಕೆ, ಶನಿವಾರ ದೂರಿನ ಜೊತೆ ಠಾಣೆಗೆ ಒಪ್ಪಿಸಿದ್ದ 31 ನಮೂನೆಗಳ ಕವರನ್ನು ಎಲ್ಲರ ಎದುರು ಬಿಚ್ಚಲಾಯಿತು. ನನ್ನ ನಮೂನೆಯ ಬಲ ಮೂಲೆಯನ್ನು ನಾನು ಬೇಸರಕ್ಕೆ ಕೊಕ್ಕಿನಂತೆ ಎರಡು ಬಾರಿ ಮಡಚಿದ್ದೆ, ಅದರಿಂದ ಗುರುತಿಸಿದೆ. ಠಾಣೆಯಲ್ಲಿ ಫ್ರೀಜರ್ ಇಲ್ಲ. ಎದುರಿನ ಜ್ಯೂಸ್ ಅಂಗಡಿಯಿಂದ ಐಸ್ ತರಿಸಿ, ಬಕೆಟ್ಟಿಗೆ ಪುಡಿ ಮಾಡಿ ಹಾಕಿ, ಮೂರು ಹಿಡಿ ಉಪ್ಪು ಬೆರೆಸಲಾಯಿತು. ಉಪ್ಪು ಹಾಕಿದರೆ ಐಸ್ ಇನ್ನೂ ತಣ್ಣಗಾಗುತ್ತದೆ ಎಂದು ಮಾವ ಹೇಳಿದರು. ಬಿಸಿಯವರಿಗೆ ತಣ್ಣನೆಯದರ ಬಗ್ಗೆಯೂ ಗೊತ್ತಿರುತ್ತದೆ. ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ಹೂತರು. ಠಾಣೆಯ ಸಿಬ್ಬಂದಿ ಒಬ್ಬೊಬ್ಬರಾಗಿ ಬಂದು ಬಕೆಟ್ ಸುತ್ತ ನಿಂತರು. ಸೈಕಲ್ ಕಳೆದುಕೊಂಡು ದೂರು ಕೊಡಲು ಬಂದಿದ್ದವರು ತಮ್ಮ ಸೈಕಲ್ ಮರೆತು ಮೊದಲ ಸಾಲಿನಲ್ಲಿದ್ದರು. 22ನೇ ನಿಮಿಷಕ್ಕೆ ಚೀಲ ಎತ್ತಿದಾಗ ಹೆಡ್ ಕಾನ್‌ಸ್ಟೇಬಲ್ ಸಾಹೇಬರು, ಬಂತು ಬಂತು, ನೋಡ್ರೋ ಇಲ್ಲಿ, ಬಂತು ಎಂದು ಹೆರಿಗೆ ವಾರ್ಡಿನ ತಂದೆಯಂತೆ ಕೂಗಿದರು. ಒಂದೊಂದೇ ನೀಲಿ ಗುರುತು ಚೌಕಗಳೊಳಗೆ ಎದ್ದು ಬರುತ್ತಿತ್ತು.

ಇನ್‌ಸ್ಪೆಕ್ಟರ್ ಸಾಹೇಬರು ನನ್ನ ನಮೂನೆಯನ್ನು ಗಟ್ಟಿಯಾಗಿ ಓದಿದರು. ಪ್ರಶ್ನೆ 17: ನನ್ನಿಂದ ತಪ್ಪಾದರೆ ನಾನು ಅದನ್ನು ಹೆದರದೆ ಹೇಳಿಕೊಳ್ಳುತ್ತೇನೆ. ನನ್ನ ಗುರುತು: ಯಾವಾಗಲೂ. ಕೊನೆಯ ಆರು ಗೆರೆಯ ಜಾಗದಲ್ಲಿ ನಾನು ಬರೆದದ್ದು: ಇಲ್ಲಿ ಪೆನ್ನು ಕಳೆಯುವುದು ಬಿಟ್ಟರೆ ಬೇರೆ ತಪ್ಪು ನಡೆಯುವುದಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಇನ್‌ಸ್ಪೆಕ್ಟರ್ ಸಾಹೇಬರು ಹಾಳೆಯ ಮೇಲಿನಿಂದ ಕಣ್ಣೆತ್ತಿ, ಶುಕ್ರವಾರ ತಪ್ಪಾಯ್ತು, ಗುರುವಾರ ಬಂದಿದ್ದೀಯ, ಇದು ‘ಯಾವಾಗಲೂ’ ಹೇಗಾಯ್ತಪ್ಪ ಎಂದು ಕೇಳಿದರು. ನಾನು ಬಕೆಟ್ಟಿನಲ್ಲಿ ಉಳಿದ ಐಸ್ ಚೂರುಗಳನ್ನು ಎಣಿಸತೊಡಗಿದೆ.

12 ಗಂಟೆ 30 ನಿಮಿಷಕ್ಕೆ ಸೂಪರಿಂಟೆಂಡೆಂಟ್ ಸಾಹೇಬರು ಬಂದರು. ವಿಷಯ ಕೇಳಿ, ಬಕೆಟ್ ನೋಡಿ, ಹಾಗಾದ್ರೆ ಉಳಿದ ಮೂವತ್ತನ್ನೂ ಇದಕ್ಕೇ ಹಾಕಿ, ನಾನೂ ನೋಡ್ತೀನಿ ಎಂದರು. ಮೇಡಂ ಎದ್ದು ನಿಂತು, ನೀವು ನೋಡಲ್ಲ ಅಂತ ನಾನು ಮಾತು ಕೊಟ್ಟಿದ್ದೇನೆ ಎಂದರು. ಇನ್‌ಸ್ಪೆಕ್ಟರ್ ಸಾಹೇಬರು, ಕಳ್ಳತನವೇ ಆಗಿಲ್ಲ ಅಂದ ಮೇಲೆ ನನ್ನ ಹತ್ರ ಸಾಕ್ಷಿಯೂ ಇಲ್ಲ, ಕಾಗದ ಮೇಡಂದು, ತಗೊಂಡು ಹೋಗಲಿ ಎಂದು ಹೇಳಿ, 30 ನಮೂನೆಗಳನ್ನು ಎಣಿಸಿ ಅವರ ಬೂದು ಚೀಲಕ್ಕೆ ಹಾಕಿಸಿದರು. ಸೂಪರಿಂಟೆಂಡೆಂಟ್ ಸಾಹೇಬರು, ಸರಿ, ಆದ್ರೆ ಇದಕ್ಕೆಲ್ಲ ಯಾರು ಹೊಣೆ ಎಂದರು. ನನ್ನ ಲೆಕ್ಕದಲ್ಲಿ ಇದು ಹದಿನೈದನೆಯದು.

ನಾನು ಎಂದೆ. ನಾನೂ ಎಂದರು ಉಗಿ ಮಾವ. ಅತ್ತೆ ಅವರ ತೋಳು ಚಿವುಟಿದ್ದು ಎಲ್ಲರಿಗೂ ಕಂಡಿತು. ಆದರೂ ಅವರು ಮುಂದುವರಿದು, ಸಾರ್, ನೋಡದೆ ಹಾಕಿದ್ದು ತಪ್ಪೇ, ಆದ್ರೆ ಇದೇ ಡ್ರಮ್ಮಿನಲ್ಲಿ ನಾಳೆ ಯಾರದ್ದೋ ಪರೀಕ್ಷೆಗೆ ಕಳಿಸೋ ಮಾಂಸದ ಚೂರು ಇದ್ದಿದ್ರೆ, ಅದೂ ಬೆಂದುಹೋಗ್ತಿತ್ತಲ್ವಾ, ಬೇರೆ ಕೆಲಸದ ಡ್ರಮ್ಮಿಗೆಲ್ಲ ಕೆಂಪು ಬಣ್ಣ ಬಳಿದುಬಿಟ್ರೆ ಹೇಗೆ ಎಂದು ಕೇಳಿದರು. ಇದು ಎರಡನೇ ‘ಹೇಗೆ’. ಎರಡೂ ಮಾವನವೇ.

ಸೂಪರಿಂಟೆಂಡೆಂಟ್ ಸಾಹೇಬರು ಬಕೆಟ್ಟನ್ನು ಇನ್ನೊಮ್ಮೆ ನೋಡಿದರು. ನಂತರ ದೂರು ವಾಪಸ್ ಪಡೆಯುವುದಾಗಿಯೂ, ಇಬ್ಬರ ವಿಷಯ ಸೋಮವಾರದೊಳಗೆ ತೀರ್ಮಾನಿಸುವುದಾಗಿಯೂ ಹೇಳಿ ಹೊರಟರು. ಮೇಡಂ ನನ್ನ ಬಳಿ ಬಂದು, ಶನಿವಾರ ನೀವು ಎಣಿಸಿದ್ದು ಎಷ್ಟಂದ್ರಿ ಎಂದು ಕೇಳಿದರು. ಇಂದಿನದೂ ಸೇರಿ, ಯಾರು ಹದಿನೈದು, ಹೇಗೆ ಎರಡು ಎಂದೆ. ಅವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಉಗಿ ಮಾವ ಬಗ್ಗಿ ನೋಡಿ, ಓಹೋ, ಇದರಲ್ಲಾ ಅಳೆಯೋದು ಎಂದರು. ಮೇಡಂ ಈ ಬಾರಿ ನಕ್ಕರು. ಇನ್‌ಸ್ಪೆಕ್ಟರ್ ಸಾಹೇಬರದ್ದು ಹೇಗಾಯ್ತಪ್ಪ ಎಂದು ಒಂದು ಇತ್ತು, ಅದು ನನ್ನ ಮೇಲೆಯೇ ಬಂದದ್ದರಿಂದ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಾಜ್ ಎಣಿಕೆಯ ನಿಯಮದ ಪ್ರಕಾರ ಇಲ್ಲಿ ತಿದ್ದಿಕೊಳ್ಳುತ್ತೇನೆ. ಹೇಗೆ: ಮೂರು.

ನನ್ನ ನಮೂನೆ ಮಾತ್ರ ಈ ಹೇಳಿಕೆಗೆ ಲಗತ್ತಾಗಿ ಠಾಣೆಯಲ್ಲೇ ಉಳಿಯುತ್ತದೆ. ಅದರ ಪ್ರಶ್ನೆ 17ರ ಗುರುತನ್ನು ಪೆನ್ನಿನ ಹಿಂಬದಿಯಿಂದ ಉಜ್ಜಿ ಅಳಿಸಲು ಅನುಮತಿ ಕೇಳಿದೆ. ಇನ್‌ಸ್ಪೆಕ್ಟರ್ ಸಾಹೇಬರು ಕೊಟ್ಟರು, ಅವರೆದುರೇ ಅಳಿಸಿದೆ. ಐದೂ ಚೌಕ ಈಗ ಖಾಲಿ ಇವೆ. ಸೋಮವಾರ ಬೆಳಗ್ಗೆ 7 ಗಂಟೆ 20 ನಿಮಿಷಕ್ಕೆ ಗೇಟಿನಲ್ಲಿ ಮಾವನನ್ನು ಒಳಗೆ ಬಿಡುತ್ತಾರೋ ಇಲ್ಲವೋ ನೋಡಿ, ಇಲ್ಲಿಗೆ ಬಂದು, ಈ ದಾರ ಕಟ್ಟಿದ ಪೆನ್ನಿನಿಂದಲೇ ಒಂದಕ್ಕೆ ಗುರುತು ಹಾಕುತ್ತೇನೆ. ಈ ಬಾರಿ ನಾನು ಅವರಿಂದ 12 ಅಡಿ ದೂರ ನಿಲ್ಲುವುದಿಲ್ಲ, ಪಕ್ಕದಲ್ಲಿರುತ್ತೇನೆ.

ಮೇಲೆ ಬರೆದದ್ದೆಲ್ಲ ನನಗೆ ಗೊತ್ತಿದ್ದಷ್ಟು, ನಡೆದದ್ದು ನಡೆದ ಹಾಗೆ. ಯಾರೂ ಹೆದರಿಸಿ ಬರೆಸಿಲ್ಲ. ಹೆದರಿದ್ದೆಲ್ಲ ಬರೆಯುವುದಕ್ಕೆ ಮೊದಲೇ ಮುಗಿದಿತ್ತು. ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಓದಿ ನೋಡಿ, ಪ್ರತಿ ಪುಟದ ಮೇಲೂ ಬಿಸಿ ಟೀ ಲೋಟವನ್ನು ಒಂದು ನಿಮಿಷ ಇಟ್ಟು ಎತ್ತಿ, ಅಕ್ಷರಗಳು ಇದ್ದಲ್ಲೇ ಇವೆ ಎಂದು ಖಚಿತಪಡಿಸಿಕೊಂಡಿರುತ್ತಾರೆ. ಪುಟಗಳ ಮೇಲಿನ ಕಂದು ಉಂಗುರಗಳು ಅದರವು.

ಸ್ಥಳ: ಪೊಲೀಸ್ ಠಾಣೆ, ಕಿಟಕಿ ಪಕ್ಕದ ಮೇಜು
ದಿನಾಂಕ: 16, ಗುರುವಾರ, ಮಧ್ಯಾಹ್ನ 2 ಗಂಟೆ 15 ನಿಮಿಷ
ಸಹಿ: (ಅಳಿಸಲಾಗದ ಶಾಯಿಯಲ್ಲಿ)